ಗೂಗಿಗುಡ್ಡದ ಎರಡು ದಿನ

ಗಂಡನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಬೆಳಿಗ್ಗೆ ಹಾಲಿನ ಪಾಕೀಟು ಎಂದಿನಂತೆ ಬಾಗಿಲ ಬಳಿ ಬಿದ್ದಿತ್ತು. ಇಂಚರಾ ಅದನ್ನು ಕತ್ತರಿಸಿ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟಳು. ಕಾಲೇಜಿನಲ್ಲಿ ಹತ್ತಕ್ಕೆ ಪಾಠವಿತ್ತು. ಹೋಗಬೇಕೆಂದೇ ಇದ್ದಳು. ಮನೆಯಲ್ಲಿ ಕುಳಿತು ಮಾಡುವಂಥದ್ದು ಏನೂ ಇರಲಿಲ್ಲ.

ಹಾಲು ಬಿಸಿಯಾಗುವ ಹೊತ್ತಿಗೆ ಅಡಿಗೆಮನೆಯ ಗೋಡೆ ಮಾತಾಡಿತು.

"ನೀವು ಹಿಂಬಾಲಿಸುತ್ತಿರುವ ಕಥೆಗಾರ ಶ್ರೇಯಾಂಕ ಪಾಟೀಲ ಅವರ ಹೊಸ ಕಥೆ ಸಿದ್ಧವಾಗಿದೆ. ಕೊನೆಯವರೆಗೂ ಕೇಳಿ."

ಮರುಕ್ಷಣ ಅವನ ದನಿ. "ಕಲ್ಲಿಗೆ ಕೈ ಹಚ್ಚೀನಿ. ತಣ್ಣಗದ. ಮ್ಯಾಲೆ ನೋಡಿದ್ರ ಆಕಾಶ ತೊಳದಂಗ ಕಾಣ್ತದ." ದನಿಯ ಹಿಂದೆ ಅವನ ಉಸಿರು. ಉಸಿರಿನ ಹಿಂದೆ, ಬಹಳ ಮೆಲ್ಲಗೆ, ಅವನ ಎದೆಬಡಿತ.

ಇಂಚರಾ ಗೋಡೆಯ ಗುಂಡಿ ಒತ್ತಿ ಆರಿಸಿದಳು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅವಳು ಒರೆಸಲಿಲ್ಲ.

ಆ ಯಂತ್ರದ ಹೆಸರು ಹೆಜ್ಜೆದನಿ. ಅದು ಬಂದದ್ದು 2041ರಲ್ಲಿ. ಅಷ್ಟರವರೆಗೆ ಗುಡ್ಡ ಹತ್ತಿದವರು, ಹೊಳೆ ಇಳಿದವರು, ಗುಹೆ ಹೊಕ್ಕವರು ಮನೆಗೆ ಬಂದ ಮೇಲೆ ತಮಗೆ ನೆನಪಿದ್ದಷ್ಟನ್ನು ಹೇಳುತ್ತಿದ್ದರು, ನೆನಪಿಲ್ಲದ್ದನ್ನು ಸೇರಿಸುತ್ತಿದ್ದರು. ಡಾ. ಅನಿರುದ್ಧ ಕೆದಿಲಾಯರ ಯಂತ್ರ ಆ ತೊಂದರೆಯನ್ನು ತಪ್ಪಿಸಿತು. ಹಣೆಗೆ ಕಟ್ಟಿಕೊಂಡ ನೂಲಿನಷ್ಟು ತೆಳುವಾದ ಪಟ್ಟಿಯೊಂದು ನಾಡಿ, ಉಸಿರು, ಬೆವರು, ಬೆರಳುಗಳ ಒತ್ತಡ, ಕಣ್ಣು ಹೊರಳಿದ ದಿಕ್ಕು, ಬಾಯಿಂದ ಬಿದ್ದ ಮಾತು ಎಲ್ಲವನ್ನೂ ದಾಖಲಿಸುತ್ತಿತ್ತು. ಆಮೇಲೆ ಯಂತ್ರ ಆ ಮನುಷ್ಯನ ದನಿಯಲ್ಲೇ, ಅವನು ಆಡುವ ಮಾತಿನಲ್ಲೇ ಕಥೆ ಕಟ್ಟುತ್ತಿತ್ತು. ಕೇಳುವವರು ಕತ್ತಿಗೆ ಅಂಥದ್ದೇ ಪಟ್ಟಿ ಹಾಕಿಕೊಂಡರೆ ಅವನ ಭಯ ಇವರ ಬೆನ್ನಿನಲ್ಲಿ ಹರಿಯುತ್ತಿತ್ತು, ಅವನ ಬೆರಳು ಕಲ್ಲಿನ ಬಿರುಕು ಹಿಡಿದರೆ ಇವರ ಬೆರಳು ಬಿಗಿಯುತ್ತಿತ್ತು. ನಡೆಯಲಾರದವರು ಗುಡ್ಡ ಹತ್ತಿದರು. ಆಸ್ಪತ್ರೆಯಲ್ಲಿ ಮಲಗಿದವರು ಕಾಳಿ ನದಿಯಲ್ಲಿ ದೋಣಿ ನಡೆಸಿದರು. ಗುಡ್ಡ ಹತ್ತಲು ಹೊರಟವರು ಮೊದಲು ಅದೇ ಗುಡ್ಡದ ಕಥೆಯನ್ನು ಕೇಳಿಯೇ ಹೊರಡುವುದು ರೂಢಿಯಾಯಿತು. ನಕಾಶೆ ನೋಡುವವರು ಇಲ್ಲವಾದರು.

ಶ್ರೇಯಾಂಕನೂ ಹಾಗೆ ಕೇಳಿಯೇ ಹೋದವನು. ಬಾದಾಮಿಯ ಹತ್ತಿರದ ಗೂಗಿಗುಡ್ಡದ ಕೆಂಪು ಗೋಡೆಯ ಅರ್ಧದಲ್ಲಿ ಅವನು ಹಿಡಿದಿದ್ದ ಕಲ್ಲು ಮುರಿದಿತ್ತು. ಹಗ್ಗ ತಡೆಯಬೇಕಿತ್ತು. ಹಗ್ಗ ಹಿಡಿದಿದ್ದ ಮೊಳೆ ಹಲ್ಲು ಕಿತ್ತಂತೆ ಗೋಡೆಯಿಂದ ಕಿತ್ತುಬಂದಿತ್ತು.

ಇಂಚರಾ ಕಾಲೇಜಿಗೆ ಹೋಗಲಿಲ್ಲ. ಹೆಜ್ಜೆದನಿಯ ಕಚೇರಿಗೆ ಫೋನು ಮಾಡಿ ಒಂದೇ ಮಾತು ಹೇಳಿದಳು: "ನಿಮ್ಮ ಯಂತ್ರ ನನ್ನ ಅಡಿಗಿಮನ್ಯಾಗ ಮಾತಾಡೇದ. ಅದನ್ನ ಮಾಡಿದವರು ಬಂದು ಇಲ್ಲೇ ಮಾತಾಡ್ಲಿ."

ಕೆದಿಲಾಯರು ಸಂಜೆಗೆ ಧಾರವಾಡ ತಲುಪಿದರು. ಅರವತ್ತು ದಾಟಿದ, ತಗ್ಗಿದ ದನಿಯ ಮನುಷ್ಯ. ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬಂದರು.

"ಬೆಳಿಗ್ಗೆ ಆದದ್ದಕ್ಕೆ ಕ್ಷಮೆ ಕೇಳ್ತೇನೆ. ಕಥೆ ಕಟ್ಟುವ ಕೆಲಸ ತನ್ನಿಂತಾನೇ ನಡೆಯುತ್ತೆ."

"ಸತ್ತವರದೂ?"

"ಯಂತ್ರಕ್ಕೆ ಅದು ತಿಳಿಯುವುದಿಲ್ಲಮ್ಮ. ನಾಡಿ ನಿಂತರೆ ಪಟ್ಟಿ ಬಿಚ್ಚಿಟ್ಟಿದ್ದಾರೆ ಅಂದುಕೊಳ್ಳುತ್ತೆ."

ಇಂಚರಾ ಅವರ ಮುಖವನ್ನೇ ನೋಡಿದಳು. ತಾವು ಹೇಳಿದ್ದು ಎಂಥ ಮಾತೆಂದು ಅವರಿಗೆ ತಡವಾಗಿ ಹೊಳೆದಂತಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು.

"ಸದ್ಯ ನಿಮ್ಮೊಬ್ಬರಿಗೇ ಕೇಳಿಸಿದೆ," ಎಂದರು. "ಎಲ್ಲರಿಗೂ ಬಿಡಬೇಕಾದರೆ ಮನೆಯವರ ಒಪ್ಪಿಗೆ ಬೇಕು. ಅವರ ಕೇಳುಗರು ಕಾಯ್ತಾ ಇದ್ದಾರೆ."

"ಕಾಯ್ಲಿ."

"ಅದು ಒಳ್ಳೆಯ ಕಥೆ. ಹೇಳಬಾರದು, ಆದರೂ ಹೇಳ್ತೇನೆ. ಅವರ ಕಥೆಗಳಲ್ಲೇ ಒಳ್ಳೆಯದು."

"ಕತಿ ನನಗ ಬ್ಯಾಡ. ಅದರ ಮೂಲ ದಾಖಲೆ ಕೊಡ್ರಿ. ಅಂವಾ ಹಣಿಗೆ ಪಟ್ಟಿ ಕಟ್ಟಿಕೊಂಡಾಗಿಂದ ಎಲ್ಲಾ."

"ಅದನ್ನು ಕೇಳಲಿಕ್ಕಾಗುವುದಿಲ್ಲ. ಗಂಟೆಗಟ್ಟಲೆ ಏನೂ ಇರುವುದಿಲ್ಲ ಅದರಲ್ಲಿ."

"ಆ ಏನೂ ಇಲ್ಲದ್ದs ಬೇಕು ನನಗ."

ಸತ್ತವರ ದಾಖಲೆ ವಾರಸುದಾರರದು ಎಂಬ ಕಾನೂನು ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಕೆದಿಲಾಯರು ಅಲ್ಲೇ ಕುಳಿತು ಅದನ್ನು ಅವಳ ಹೆಸರಿಗೆ ತೆರೆದುಕೊಟ್ಟರು. ಅವಳು ಅವರಿಗೆ ಚಹಾ ಕೊಡಲಿಲ್ಲ.

ಮರುದಿನ ಅವಳು ಕೇಳಿದಳು. ಕತ್ತಿಗೆ ಪಟ್ಟಿ ಹಾಕಿಕೊಳ್ಳದೆ, ಬರಿಯ ಕಿವಿಯಿಂದ. ಬಾದಾಮಿಯ ಕೋಣೆಯೊಂದರಲ್ಲಿ ರಾತ್ರಿಯಿಡೀ ಮಳೆ. ಶ್ರೇಯಾಂಕನ ಗೊರಕೆ. ಬೆಳಗಿನ ಉಪ್ಪಿಟ್ಟು ಚೆನ್ನಾಗಿಲ್ಲವೆಂಬ ಅವನ ಗೊಣಗು. ದಾರಿ, ಜಾಲಿಮುಳ್ಳು, ಚಪ್ಪಲಿಯ ಕೆಸರು. ಗೋಡೆಯ ಬುಡದಲ್ಲಿ ಅವನು ನಿಂತ. ಕಲ್ಲಿಗೆ ಕೈ ಹಚ್ಚಿದ. "ಒಣಗೇದ ಅನಸ್ತದ," ಅಂದ. ಹತ್ತಲಿಲ್ಲ. ಕುಳಿತ. ಮತ್ತೆ ಎದ್ದ. ಎದೆಬಡಿತ ಹೆಚ್ಚಿತ್ತು. "ಅನಸ್ತದ ಅಂದ್ರ ಹ್ಯಾಂಗ," ಎಂದು ತನ್ನನ್ನೇ ಕೇಳಿಕೊಂಡ. ಹೊತ್ತು ಹೋಯಿತು.

ಆಮೇಲೆ ಅವನು ಬೇರೊಂದು ಕಥೆ ಹಚ್ಚಿದ. ಗಟ್ಟಿ ದನಿಯ ಹೆಣ್ಣುಮಗಳೊಬ್ಬಳ ಕಥೆ, ಅದೇ ಗೋಡೆಯದು. "ರಾತ್ರಿಯೆಲ್ಲಾ ಹುಯ್ತು. ಗುಡ್ಡ ತುಂಬಾ ನೀರಿನ ಸಪ್ಪಳ. ಗ್ವಾಡಿ ಮುಂದ ನಿಂತೆ. ಕೈ ಹಚ್ಚಿದೆ. ಕಲ್ಲು ನನ್ನ ಕೈ ಹಿಡೀತು. ಏರಾಕ ಸುರು ಮಾಡಿದೆ." ಅವನು ಅಷ್ಟು ಭಾಗವನ್ನು ಮತ್ತೊಮ್ಮೆ ಕೇಳಿದ. ಅವನ ಎದೆಬಡಿತ ಇಳಿಯಿತು. "ಹಂಗಾರ ನಡೀ," ಎಂದ.

ಇಂಚರಾ ಅಲ್ಲಿಗೆ ನಿಲ್ಲಿಸಿದಳು. ಮುಂದಿನದನ್ನು ಅವಳು ಯಾವತ್ತೂ ಕೇಳಲಿಲ್ಲ. ಯಂತ್ರ ಕಟ್ಟಿದ ಕಥೆಯ ಆರಂಭವನ್ನು ಮಾತ್ರ ಇನ್ನೊಮ್ಮೆ ಹಚ್ಚಿ ನೋಡಿದಳು. ಅನುಮಾನಿಸುತ್ತ ನಿಂತ ಆ ಹೊತ್ತು ಅದರಲ್ಲಿ ಇರಲೇ ಇಲ್ಲ. ಅವನು ಬಂದವನೇ ಕಲ್ಲಿಗೆ ಕೈ ಹಚ್ಚಿದ್ದ.

ಆ ಹೆಣ್ಣುಮಗಳು ರುದ್ರಾಂಬಾ ಹೊಸಮನಿ. ಬಾದಾಮಿಯ ಬ್ಯಾಂಕೊಂದರ ಮ್ಯಾನೇಜರು. ಗೂಗಿಗುಡ್ಡದ ಅವಳ ಕಥೆಯನ್ನು ಕೇಳದೆ ಗುಡ್ಡ ಹತ್ತುವವರು ರಾಜ್ಯದಲ್ಲೇ ಇರಲಿಲ್ಲ. ಭಾನುವಾರ ಇಂಚರಾ ಅವಳ ಮನೆ ಹುಡುಕಿಕೊಂಡು ಹೋದಳು. ರುದ್ರಾಂಬಾ ಮಾಳಿಗೆಯ ಮೇಲೆ ಬಕೆಟಿನಲ್ಲಿ ಹಗ್ಗ ತೊಳೆಯುತ್ತಿದ್ದಳು. ನಲವತ್ತೈದರ ಗಟ್ಟಿ ಆಳು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು.

"ಯಾರವ್ವಾ?"

"ಶ್ರೇಯಾಂಕ ಪಾಟೀಲನ ಹೆಂಡತಿ. ನಿಮ್ಮ ಕತಿ ಕೇಳಿ ನನ್ನ ಗಂಡ ಸತ್ತ."

ರುದ್ರಾಂಬಾ ಹಗ್ಗ ಬಿಟ್ಟು ಎದ್ದು ನಿಂತಳು. ಕೈಯಿಂದ ಸೋಪಿನ ನೊರೆ ಇಳಿಯುತ್ತಿತ್ತು.

"ತಂಗಿ, ನಿನ್ನ ಸಂಕಟ ನನಗ ತಿಳೀತೈತಿ. ಆದ್ರ ಆ ಮಾತು ನನಗನಬ್ಯಾಡ. ಮಳಿ ಆದ ಮರುದಿನಾ ಆ ಗ್ವಾಡಿ ಏರಿದ್ರ ಯಾರಿದ್ರೂ ಬೀಳವ್ರs. ನಾ ಎಲ್ಲಾ ಬಿಡಿಸಿ ಹೇಳೀನಿ. ಕೇಳಾಕ ಬರಲಿಲ್ಲಂದ್ರ ಅದಕ್ಕ ನಾ ಏನ್ ಮಾಡ್ಲಿ?"

"ಏನ್ ಹೇಳೀರಿ ನೀವು? ಮಳಿ ಬಂತು, ಕೈ ಹಚ್ಚಿದೆ, ಏರಿದೆ. ಇಷ್ಟs ಹೇಳೀರಿ."

"ಹುಚ್ಚಿ ಏನ್ ನೀನು? ಎರಡು ದಿನಾ ಕುಂತೀನಿ ಅಲ್ಲೆ! ಗ್ವಾಡಿ ಬುಡಕ, ತಾಡಪತ್ರಿ ಹಾಕ್ಕೊಂಡು. ಎರಡು ದಿನಾ!"

"ಎಲ್ಲದಾವ ಆ ಎರಡು ದಿನಾ? ಕತಿಯೊಳಗ ತೋರಸ್ರಿ ನನಗ."

"ತೋರಸೂದೇನು, ಅದರಾಗ ಐತಿ."

"ನೀವು ಕೇಳೀರೇನು?"

"ನನ್ನ ಕತಿ ನಾ ಯಾಕ ಕೇಳ್ಲಿ? ನಾ ಏರಿ ಬಂದಾಕಿ."

ಇಂಚರಾ ಕಥೆ ಹಚ್ಚಿದಳು. ಮಳೆ ಹುಯ್ಯಿತು. ನೀರಿನ ಸಪ್ಪಳ ಕೇಳಿಸಿತು. ಕೈ ಕಲ್ಲಿಗೆ ಹತ್ತಿತು.

"ಇನ್ನೊಮ್ಮೆ ಹಚ್ಚು," ಅಂದಳು ರುದ್ರಾಂಬಾ. ಇನ್ನೊಮ್ಮೆ ಕೇಳಿದ ಮೇಲೆ ಮಾಳಿಗೆಯ ಗೋಡೆಗೆ ಒರಗಿ ಕುಳಿತುಬಿಟ್ಟಳು.

"ಇಲ್ಲಿತ್ತು ತಂಗಿ," ಎಂದಳು. "ಮಳಿಗೂ ಕೈ ಹಚ್ಚೂದಕ್ಕೂ ನಡುವ. ಒಂದು ಆಡು ಬಂದು ನನ್ನ ರೊಟ್ಟಿ ತಿಂದದ್ದು ಇತ್ತು. ಅದಕ್ಕ ನಾ ಬೈದದ್ದು ಇತ್ತು. ಮ್ಯಾಲೆ ಒಣಗಿದಂಗ ಕಂಡ್ರೂ ನೀರು ಕಲ್ಲಿನ ಹೊಟ್ಯಾಗ ಇರತೈತಿ ಅಂತ ಬಾಯಿಬಿಟ್ಟು ಹೇಳಿದ್ದೆ. ಹತ್ತು ಸಲ ಹೇಳಿದ್ದೆ."

ಬಾದಾಮಿಯ ಗುಡ್ಡಗಳು ಮರಳುಗಲ್ಲಿನವು. ಮರಳಿನ ಕಣಗಳು ಒಂದನ್ನೊಂದು ಅಂಟಿಕೊಂಡು ಆದ ಕಲ್ಲು. ಮಳೆ ಬಿದ್ದರೆ ಅದು ಇಟ್ಟಿಗೆಯಂತೆ ನೀರು ಹೀರುತ್ತದೆ, ಒಳಗಿನ ಅಂಟು ಸಡಿಲಾಗುತ್ತದೆ. ಬಿಸಿಲು ಬಿದ್ದು ತಾಸಿನಲ್ಲಿ ಮೈ ಒಣಗುತ್ತದೆ, ಒಳಗು ಹಸಿಯಾಗಿಯೇ ಇರುತ್ತದೆ. ಒಣಗಿದಾಗ ಆಳಿನ ಭಾರ ಹೊರುವ ಅಂಚು ಹಸಿಯಿದ್ದಾಗ ಬಿಸ್ಕೀಟಿನಂತೆ ಮುರಿಯುತ್ತದೆ. ಆದ್ದರಿಂದ ಅಲ್ಲಿ ಹತ್ತುವವರಿಗೆ ಕಾಯುವುದು ಹತ್ತುವುದರ ಒಂದು ಭಾಗ.

ಇಂಚರಾ ಅಲ್ಲಿಂದಲೇ ಕೆದಿಲಾಯರಿಗೆ ಫೋನು ಹಚ್ಚಿ ಗಟ್ಟಿಯಾಗಿ ಕೇಳುವಂತೆ ನಡುವೆ ಇಟ್ಟಳು.

"ರುದ್ರಾಂಬಾ ಅವರ ಕತಿಯೊಳಗಿನ ಎರಡು ದಿನಾ ಕತ್ತರಿಸಿದವರು ಯಾರು?"

ಆ ಕಡೆ ಅವರು ಏನನ್ನೋ ತೆರೆದು ನೋಡಿದರು. "ಯಾರೂ ಕತ್ತರಿಸಿಲ್ಲ," ಎಂದರು.

"ಹಂಗಾರ ಎಲ್ಲಿ ಹೋದವು?"

"ಕುಗ್ಗಿದವು. ಕಥೆ ಕೇಳುವವರ ಕತ್ತಿನಲ್ಲೂ ಪಟ್ಟಿ ಇರುತ್ತಲ್ಲ, ಅದು ಅವರ ಗಮನವನ್ನೂ ಅಳೆಯುತ್ತೆ. ಎಲ್ಲಿ ಕೇಳುಗರ ಗಮನ ಸಡಿಲವಾಗುತ್ತೋ ಅಲ್ಲಿ ಯಂತ್ರ ಕಥೆಯನ್ನು ಒಂದಿಷ್ಟು ಬಿಗಿ ಮಾಡುತ್ತೆ. ಮುಂದಿನವರಿಗೆ ಬೇಸರ ಕಡಿಮೆ. ಹೊಸ ಕಥೆ ಕಟ್ಟುವಾಗಲೂ ಅಂಥ ಭಾಗವನ್ನು ಬಿಟ್ಟೇ ಕಟ್ಟುತ್ತೆ. ಹೆಜ್ಜೆದನಿಯ ಮುಖ್ಯ ಶೋಧ ಅದೇ. ಮೊದಲು ಆ ಭಾಗ ಕಾಲು ಗಂಟೆ ಇತ್ತು. ಆಮೇಲೆ ಒಂದು ನಿಮಿಷ ಆಯಿತು. ಆಮೇಲೆ ಒಂದು ವಾಕ್ಯ. ಹೋದ ವರ್ಷ ವಾಕ್ಯವೂ ಹೋಯಿತು. ಮನುಷ್ಯರು ಯಾರೂ ಕೈ ಹಾಕಿಲ್ಲ."

"ಕೇಳವರ ಸರಾಸರಿ ಗಮನ ತಗೊಂಡು ಕತಿ ಅರದು ಸಣ್ಣ ಮಾಡೀರಿ."

"ಹಾಗೂ ಹೇಳಬಹುದು."

"ನಾ ಸಂಖ್ಯಾಶಾಸ್ತ್ರ ಕಲಸ್ತೀನ್ರಿ. ಸರಾಸರಿ ಮನಷ್ಯಾ ಗ್ವಾಡಿ ಹತ್ತೂದಿಲ್ಲ. ಹಾಸಿಗ್ಯಾಗ ಬಿದ್ದುಕೊಂಡು ಕೇಳ್ತಾನ. ಹತ್ತಾಂವ ಒಬ್ಬ. ಲಕ್ಷ ಮಂದಿಗೆ ಆಕಳಿಕಿ ಬಂತಂತ ಆ ಒಬ್ಬನ್ನ ಕೊಂದೀರಿ."

ಅವಳು ಫೋನಿನ ಹತ್ತಿರಕ್ಕೆ ಬಾಗಿದಳು.

"ಯಾರ ಮ್ಯಾಲೆ ಸಿಟ್ಟು ಮಾಡ್ಲಿ ಹೇಳ್ರಿ. ಆಕಳಿಸಿದವರ ಮ್ಯಾಲೇನು?"

"ಎಚ್ಚರಿಕೆಯ ಮಾತೊಂದನ್ನು ಸೇರಿಸ್ತೇವೆ," ಎಂದರು ಕೆದಿಲಾಯರು. "ಇವತ್ತೇ ಸೇರಿಸ್ತೇವೆ. ಆದರೆ ಅದೂ ಕುಗ್ಗುತ್ತೆ, ಸುಳ್ಳು ಹೇಳುವುದಿಲ್ಲ. ಎಚ್ಚರಿಕೆಗಳೇ ಎಲ್ಲಕ್ಕಿಂತ ಬೇಗ ಕುಗ್ಗುತ್ತವೆ."

"ಕುಗ್ಗಿಸೂದು ನಿಲ್ಲಸ್ರಿ."

"ಅದನ್ನು ನಿಲ್ಲಿಸಿದರೆ ಹೆಜ್ಜೆದನಿ ಉಳಿಯುವುದಿಲ್ಲಮ್ಮ."

ರುದ್ರಾಂಬಾ ಅಷ್ಟರಲ್ಲಿ ಫೋನನ್ನು ಕೈಗೆತ್ತಿಕೊಂಡಿದ್ದಳು. "ಸಾಹೇಬ್ರ, ನನ್ನ ಕತಿ ತಗದು ಒಗೀರಿ. ಈಗಿಂದೀಗ."

"ತೆಗೀತೇವೆ. ಆದರೆ ನಿಮ್ಮ ಜಾಡು ಹಿಡಿದು ಹತ್ತಿದವರ ಕಥೆಗಳು ಬೇಕಾದಷ್ಟಿವೆ. ಅವುಗಳಲ್ಲೂ ಕಾಯುವಿಕೆ ಉಳಿದಿಲ್ಲ. ಮಳೆಗಾಲ ಮುಗಿಯುವುದರೊಳಗೆ ಆ ಕಡೆಯ ಗುಡ್ಡಗಳಿಗೆ ಇನ್ನೂ ಬಹಳ ಜನ ಹೋಗ್ತಾರೆ. ಅವರೆಲ್ಲ ಅವನ್ನು ಕೇಳಿಯೇ ಹೋಗ್ತಾರೆ."

"ಕುಗ್ಗದ ಕತಿ ಒಂದೂ ಇಲ್ಲೇನು ನಿಮ್ಮ ಹಂತ್ಯಾಕ?" ಎಂದಳು ರುದ್ರಾಂಬಾ.

"ನೇರ ಕಥನ ಕುಗ್ಗುವುದಿಲ್ಲ. ನಡೆಯುತ್ತಿರುವಾಗಲೇ ಕೇಳಿಸುವುದು. ಇನ್ನೂ ಆಗದೇ ಇರುವುದನ್ನು ಯಂತ್ರ ಕುಗ್ಗಿಸಲಾರದು. ಆದರೆ ಎರಡು ದಿನ ಕಾಯುವುದನ್ನು ಯಾರು ಕೇಳ್ತಾರೆ?"

"ಅದು ನಿಮಗ ಬ್ಯಾಡ," ಎಂದಳು ಇಂಚರಾ. "ಮತ್ತ ನಮ್ಮನಿಯವರ ಕತಿಗೆ ಒಪ್ಪಿಗಿ ಇಲ್ಲ. ಅಂವಾ ಅನುಮಾನ ಮಾಡಿಕೋತ ನಿಂತದ್ದನ್ನ ಪೂರಾ ಹಾಕಿದ್ರ ಹಾಕ್ರಿ. ಇಲ್ಲಾಂದ್ರ ಅಳಸ್ರಿ."

ಫೋನು ಇಟ್ಟು ರುದ್ರಾಂಬಾ ಮತ್ತೆ ಹಗ್ಗದ ಬಳಿ ಕುಳಿತಳು. ಅವಳ ದನಿ ಇಳಿದಿತ್ತು.

"ಅಂವನ ಸಾಮಾನಿನ್ಯಾಗ ಒಂದು ಕೊಕ್ಕಿ ಇತ್ತೇನು? ಹಸರು ಬಣ್ಣದ್ದು, ಸವದದ್ದು."

ಹಗ್ಗ ಸಿಕ್ಕಿಸುವ ಲೋಹದ ಕೊಕ್ಕೆ. ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಅಂಥವು ಬಹಳ ಇದ್ದವು. ಎಲ್ಲವೂ ಹೊಳೆಯುವ ಹೊಸವು, ಅದೊಂದು ಬಿಟ್ಟು. "ಅದ," ಎಂದಳು ಇಂಚರಾ. "ಯಾರದಂತ ತಿಳೀಲಿಲ್ಲ."

"ನಂದು. ಇಲ್ಲಿ ಹತ್ತವ್ರಲ್ಲಿ ಒಂದು ಪದ್ಧತಿ ಐತಿ. ಹೊಸಾ ಗ್ವಾಡಿ ಏರೂದಿದ್ರ ಎಲ್ಲಾ ಸಾಮಾನೂ ತನ್ನದs ಒಯ್ಯಬಾರದು. ಆ ಗ್ವಾಡಿ ಏರಿ ಇಳದು ಬಂದವ್ರ ಹಂತ್ಯಾಕ ಒಂದು ಕೊಕ್ಕಿ ಕಡಾ ತಗೊಂಡು ಹೋಗಬೇಕು. ಬಂದ ಮ್ಯಾಲೆ ತಿರುಗಿ ಕೊಡೂದು. ಕೊಡಾಕ ಹೋದಾಗ ಚಾ ಕುಡದು, ಎಲ್ಲಿ ಅಂಜಿದಿ ಅಂತ ಮಾತಾಡೂದು. ನಿನ್ನ ಗಂಡ ಫೋನ್ ಮಾಡಿ ಕೇಳಿದ. ನನಗ ಬ್ಯಾಂಕಿನ್ಯಾಗ ಆಡಿಟ್ ನಡದಿತ್ತು. ಕೊರಿಯರ್‍ನ್ಯಾಗ ಕಳಿಸಿದೆ." ರುದ್ರಾಂಬಾ ನೊರೆ ಆರಿದ ತನ್ನ ಕೈಗಳನ್ನು ನೋಡಿಕೊಂಡಳು. "ಏನರ ಹೇಳೂದೈತೇನಂತ ಕೇಳಿದ. ಕತಿ ಪೂರಾ ಕೇಳಿ ಹೋಗು ತಮ್ಮಾ, ಎಲ್ಲಾ ಅದರಾಗ ಐತಿ ಅಂದೆ."

ಇಂಚರಾಳಿಗೆ ಅವಳನ್ನು ಬೈಯಬೇಕೆನಿಸಿತು. ಬೈಯಲು ಬಾಯಿ ತೆರೆದಳು. ಆ ಹೆಂಗಸಿನ ಮುಖ ನೋಡಿ ಮುಚ್ಚಿದಳು. ಅವಳ ಸಿಟ್ಟು ಕಡಿಮೆಯಾಗಿರಲಿಲ್ಲ. ಅದಕ್ಕೆ ಹೋಗಿ ಕೂರಲು ಒಂದು ಜಾಗ ಬೇಕಿತ್ತು.

"ಮುಂದಿನ ಮಳಿ ಯಾವಾಗ?" ಎಂದು ಕೇಳಿದಳು.

ಮಳೆ ಆ ತಿಂಗಳ ಕೊನೆಗೆ ಬಂತು. ರಾತ್ರಿಯೆಲ್ಲ ಹುಯ್ದು ಬೆಳಿಗ್ಗೆ ನಿಂತಿತು. ರುದ್ರಾಂಬಾ ರಜೆ ಹಾಕಿ ಗೂಗಿಗುಡ್ಡದ ಬುಡಕ್ಕೆ ಬಂದಳು, ಇಂಚರಾ ಧಾರವಾಡದಿಂದ ಮೊದಲ ರೈಲಿಗೆ ಬಂದಳು. ತಾಡಪತ್ರಿ ಹಾಸಿ ಇಬ್ಬರೂ ಕುಳಿತರು. ಗೋಡೆ ತೊಳೆದ ಹಂಚಿನಂತೆ ಕೆಂಪಗಿತ್ತು. ರುದ್ರಾಂಬಾ ಹಣೆಗೆ ಪಟ್ಟಿ ಕಟ್ಟಿಕೊಂಡು ನೇರ ಕಥನ ಆರಂಭಿಸಿದಳು. ಗೂಗಿಗುಡ್ಡದ ರುದ್ರಾಂಬಾ ಮತ್ತೆ ಹತ್ತುತ್ತಾಳೆಂದು ಕೇಳುಗರು ನೆರೆದರು. ಅಷ್ಟು ಜನ ಒಟ್ಟಿಗೆ ಸೇರಿದ್ದು ಹೆಜ್ಜೆದನಿಯಲ್ಲಿ ಅಪರೂಪವೆಂದು ಕೆದಿಲಾಯರು ಸಂದೇಶ ಕಳಿಸಿದರು.

"ನಮಸ್ಕಾರ್ರಿ ಎಲ್ಲಾರಿಗೂ," ಎಂದಳು ರುದ್ರಾಂಬಾ. "ಮಳಿ ಆಗೈತಿ. ಈಗ ಕುಂಡ್ರೂದು."

ಸ್ವಲ್ಪ ಹೊತ್ತಿಗೆ ಕೇಳುಗನೊಬ್ಬ ಫೋನಿನಲ್ಲಿ ಕೇಳಿದ: "ಅಕ್ಕಾರ, ಯಾವಾಗ ಏರ್ತೀರಿ?"

"ಒಣಗಿದ ಮ್ಯಾಲೆ."

"ಬಿಸಲು ಬಿದ್ದೈತಲ್ರಿ. ಒಣಗಿದಂಗ ಕಾಣ್ತೈತಿ."

"ಕಾಣ್ತೈತಿ. ನನ್ನ ತಲಿಗೂದಲಾನೂ ಕರ್ರಗ ಕಾಣ್ತಾವು."

ಇಂಚರಾ ನಕ್ಕಳು. ನಕ್ಕದ್ದು ತನಗೇ ತಿಳಿದು ಸುಮ್ಮನಾದಳು.

ಮಧ್ಯಾಹ್ನದ ಹೊತ್ತಿಗೆ ಕೇಳುಗರು ಕರಗತೊಡಗಿದರು. "ಬೋರ್ ಆಗಾಕತ್ತೈತಿ" ಎಂದು ಒಬ್ಬ ಬರೆದ. "ನನಗೂ ಆಗಾಕತ್ತೈತಿ, ಕುಂಡ್ರು," ಎಂದಳು ರುದ್ರಾಂಬಾ. ಇನ್ನೊಬ್ಬ ಇದು ಮೋಸವೆಂದ. ಕೆದಿಲಾಯರಿಂದ ಮತ್ತೆ ಸಂದೇಶ: ಜನ ಹೋಗುತ್ತಿದ್ದಾರೆ, ಹಳೆಯ ಅನುಭವವನ್ನಾದರೂ ಹೇಳಿ. ರುದ್ರಾಂಬಾ ಅದನ್ನು ಗಟ್ಟಿಯಾಗಿ ಓದಿದಳು. "ಹೇಳೂದಿಲ್ರಿ. ಏನೂ ಆಗಾಕತ್ತಿಲ್ಲ. ಇದs ಕತಿ." ಕೇಳುವವರ ಬೆರಳು ಮುಂದೆ ಸರಿಸಲು ಹವಣಿಸುತ್ತಿತ್ತು. ಮುಂದೆ ಎಂಬುದು ಇನ್ನೂ ಆಗಿರಲಿಲ್ಲ. ಕಾಯಬೇಕಿತ್ತು, ಇಲ್ಲವೇ ಹೋಗಬೇಕಿತ್ತು. ಬಹುತೇಕರು ಹೋದರು.

ಆಗಾಗ ರುದ್ರಾಂಬಾ ಗೋಡೆಯ ಬುಡದ ಮರಳಿನಲ್ಲಿ ಮಣಿಕಟ್ಟಿನವರೆಗೆ ಕೈ ತೂರಿಸಿ ತೆಗೆಯುತ್ತಿದ್ದಳು. ಮರಳು ಅಂಟಿಕೊಂಡು ಬಂದರೆ ಒಳಗಿನ ಕಲ್ಲೂ ಹಸಿ ಎಂದು ಲೆಕ್ಕ. ಪ್ರತಿಸಲವೂ ಅಂಟಿಕೊಂಡು ಬರುತ್ತಿತ್ತು. ಪ್ರತಿಸಲವೂ ಅವಳು "ಹಸಿ" ಎಂದಷ್ಟೇ ಹೇಳುತ್ತಿದ್ದಳು.

ಎರಡನೆಯ ದಿನ ಸಂಜೆಗೆ ಮುನ್ನ ಹೊಸ ದನಿಯೊಂದು ಕೇಳಿಸಿತು. ಪ್ರಾಯದವನ ದನಿ.

"ಅಕ್ಕಾರ, ನಾ ಐಹೊಳಿ ಕಡೆ ಒಂದು ಗುಡ್ಡದ ಬುಡಕ ನಿಂತೀನ್ರಿ. ಸೊಂಟಕ್ಕ ಪಟ್ಟಾ ಕಟ್ಕೊಂಡು ತಯಾರಾಗಿದ್ದೆ. ಇಲ್ಲೂ ಮೊನ್ನಿ ರಾತ್ರಿ ಮಳಿ ಆಗೇತ್ರಿ. ಕತಿ ಕೇಳಿ ಬಂದಿದ್ದೆ, ಅದರಾಗ ಹಿಂಗೇನೂ ಇರಲಿಲ್ಲ."

"ಮರಳಾಗ ಕೈ ಹಾಕಿ ನೋಡು," ಎಂದಳು ಇಂಚರಾ. ರುದ್ರಾಂಬಾಳ ಪಟ್ಟಿಗೆ ಕೇಳಿಸುವಷ್ಟು ಹತ್ತಿರ ಬಾಗಿ, ಆ ಎರಡು ದಿನಗಳಲ್ಲಿ ಮೊದಲ ಸಲ ಅವಳು ಕೇಳುಗರೊಂದಿಗೆ ಮಾತಾಡಿದ್ದಳು.

ಮರಳು ಕೆದರಿದ ಸಪ್ಪಳ. ಉಸಿರು.

"ಹಸಿ ಐತ್ರಿ."

ಆಮೇಲೆ ಪಟ್ಟಾದ ಬಕ್ಕಲು ಬಿಚ್ಚಿದ ಚಿಟ್ ಎನ್ನುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ಅವನು ನೆಲದ ಮೇಲೆ ಕುಳಿತದ್ದೂ ಕೇಳಿಸಿತು.

"ಎಷ್ಟೊತ್ತು ಕುಂಡ್ರಬೇಕ್ರಿ?"

"ಗೊತ್ತಿಲ್ಲೋ ತಮ್ಮಾ," ಎಂದಳು ರುದ್ರಾಂಬಾ. "ಊಟಾ ಮಾಡೀಯೇನು?"

ಆ ಕಥನವೂ ಮುಗಿದ ಮೇಲೆ ದಾಖಲೆಯಾಗುತ್ತದೆ, ದಾಖಲೆ ಕುಗ್ಗುತ್ತದೆ ಎಂದು ಇಂಚರಾಳಿಗೆ ಗೊತ್ತಿತ್ತು. ತಾಡಪತ್ರಿ, ಮರಳು, ಬಕ್ಕಲಿನ ಸದ್ದು ಎಲ್ಲ ಸವೆದು ಮತ್ತೆ ಮಳೆಯ ಪಕ್ಕಕ್ಕೆ ಕಲ್ಲಿಗೆ ಹಚ್ಚಿದ ಕೈ ಬಂದು ನಿಲ್ಲುತ್ತದೆ. ಯಂತ್ರಕ್ಕೆ ಮರೆವಿಲ್ಲ ಎನ್ನುತ್ತಾರೆ. ಕೇಳುವವರಿಗೆ ಬೇಡವಾದದ್ದನ್ನು ಮರೆಯುವುದೇ ಅದರ ಕೆಲಸವಾಗಿತ್ತು. ಆದ್ದರಿಂದ ಪ್ರತಿ ಮಳೆಗೂ ಯಾರಾದರೊಬ್ಬರು ಹೋಗಿ ಗುಡ್ಡದ ಬುಡದಲ್ಲಿ ಖುದ್ದಾಗಿ ಕುಳಿತು, ಏನೂ ಆಗುತ್ತಿಲ್ಲವೆಂದು ಮತ್ತೆ ಮತ್ತೆ ಹೇಳಬೇಕಿತ್ತು. ಮುಂದಿನ ಮಳೆಗೆ ತಾನು ಕೂರುವುದಾಗಿ ಐಹೊಳೆಯ ಹುಡುಗ ರಾತ್ರಿ ಬರೆದ.

ಮೂರನೆಯ ಬೆಳಿಗ್ಗೆ ರುದ್ರಾಂಬಾಳ ಕೈ ಮರಳಿನಿಂದ ಒಣಗಿಯೇ ಹೊರಬಂತು. ಅಂಗೈ ಕೊಡವಿದಳು. ಕಾಳು ಕಾಳಾಗಿ ಉದುರಿತು. ಅವಳು ಹಗ್ಗ ಬಿಚ್ಚಿ ಹರವಿದಳು. ಕೇಳುಗರು ಮತ್ತೆ ನೆರೆಯುತ್ತಿದ್ದರು. ಅವಳು ಅವರ ಕಡೆ ಗಮನ ಕೊಡಲಿಲ್ಲ.

ಇಂಚರಾ ಚೀಲದಿಂದ ಹಸಿರು ಕೊಕ್ಕೆ ತೆಗೆದು ಮುಂದೆ ಹಿಡಿದಳು. ಬಣ್ಣ ಸವೆದ ಕಡೆ ಲೋಹ ಬೆಳ್ಳಗೆ ಕಾಣುತ್ತಿತ್ತು. ರುದ್ರಾಂಬಾ ಅದನ್ನು ನೋಡಿದಳು, ಕೈ ಚಾಚಲಿಲ್ಲ.

"ನಿನ್ನ ಹಂತ್ಯಾಕ ಇರಲಿ ತಂಗಿ. ಅದು ಏರಿ ಇಳದವ್ರು ತಿರುಗಿ ಕೊಡೂದು."

"ಅಂವಾನೂ ಇಳದಾನ್ರಿ," ಎಂದಳು ಇಂಚರಾ. "ತಗೋರಿ."

ರುದ್ರಾಂಬಾ ಎರಡೂ ಕೈಯಿಂದ ತೆಗೆದುಕೊಂಡಳು.